ಬಾಡಿಗೆಗೆಂದು ಮನೆ ಕೊಳ್ಳುವ ಮುನ್ನ ಮಾಡಬೇಕಾದ ತೆರಿಗೆ ಲೆಕ್ಕ: ಖರೀದಿಯಿಂದ ಮಾರಾಟದವರೆಗೆ

"ಸಾಲ ಮಾಡಿ ಇನ್ನೊಂದು ಮನೆ ತಗೊಳ್ಳಿ, ಬಾಡಿಗೆನೂ ಬರುತ್ತೆ, ಟ್ಯಾಕ್ಸೂ ಉಳಿಯುತ್ತೆ" ಅನ್ನುವ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. 2017ರ ಮಾರ್ಚ್‌ವರೆಗೆ ಬಾಡಿಗೆ ಮನೆಯ ಸಾಲದ ಬಡ್ಡಿಯಿಂದ ಎಷ್ಟು ನಷ್ಟ ಬಂದರೂ ಅಷ್ಟನ್ನೂ ಸಂಬಳದಿಂದ ಕಳೆದುಕೊಳ್ಳಬಹುದಿತ್ತು. ಆ ಏಪ್ರಿಲ್‌ನಿಂದ ಅದಕ್ಕೆ ವರ್ಷಕ್ಕೆ 2 ಲಕ್ಷದ ಮಿತಿ ಬಿತ್ತು. ದರ ಕಡಿಮೆ, ಕಡಿತಗಳೂ ಕಡಿಮೆ ಇರುವ ಹೊಸ ತೆರಿಗೆ ಪದ್ಧತಿಯಲ್ಲಿ ಆ 2 ಲಕ್ಷವೂ ಇಲ್ಲ, ಮತ್ತು 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುವ ಪದ್ಧತಿ. ಕಾನೂನು ಇಷ್ಟು ಬದಲಾದರೂ ಹಳೆಯ ಮಾತನ್ನು ನಂಬಿ ಸಾಲಕ್ಕೆ ಸಹಿ ಹಾಕುವವರು ಇನ್ನೂ ಇದ್ದಾರೆ. ಮುಂಗಡ ಕೊಡುವ ಮೊದಲೇ ಒಂದು ಹಾಳೆಯ ಮೇಲೆ ಮಾಡಿ ನೋಡಬೇಕಾದ ಲೆಕ್ಕ ಇಲ್ಲಿದೆ.

ಇಲ್ಲಿನ ದರಗಳು 2025-26ರ ಹಣಕಾಸು ವರ್ಷದವು. ಸೆಕ್ಷನ್ ಸಂಖ್ಯೆಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬರುವುದರಿಂದ ಸಂಖ್ಯೆಗಳು ಬೇರೆಯಾಗುತ್ತವೆ. ಬಾಡಿಗೆ ಆದಾಯವನ್ನು ಲೆಕ್ಕ ಹಾಕುವ ಕ್ರಮ ಮಾತ್ರ ಹೆಚ್ಚುಕಡಿಮೆ ಅದೇ.

ಹೆಜ್ಜೆ 1: ಮನೆಯ ನಿಜವಾದ ಬೆಲೆ ಬರೆದುಕೊಳ್ಳಿ

ಮಾರುವವರು ಹೇಳಿದ ಬೆಲೆ ನಿಮ್ಮ ಹೂಡಿಕೆಯ ಮೊತ್ತವಲ್ಲ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರ ಪ್ರದೇಶದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಟ್ಟು ಶೇ 7.6. 80 ಲಕ್ಷದ ಮನೆಗೆ ಇದೊಂದೇ 6.08 ಲಕ್ಷ ರೂಪಾಯಿ. ಕಟ್ಟುತ್ತಿರುವ ಅಪಾರ್ಟ್‌ಮೆಂಟ್ ಆದರೆ ಶೇ 5 ಜಿಎಸ್‌ಟಿ ಬೇರೆ, ಅಂದರೆ ಇನ್ನೂ 4 ಲಕ್ಷ. ಕಾಮಗಾರಿ ಮುಗಿದು ಪ್ರಮಾಣಪತ್ರ ಬಂದ ಮೇಲೆ ಮಾರುವ ಫ್ಲ್ಯಾಟಿಗೆ ಜಿಎಸ್‌ಟಿ ಇಲ್ಲ. ಬಾಡಿಗೆಗೆಂದೇ ಕೊಳ್ಳುವವರು ಈ 4 ಲಕ್ಷವನ್ನು ಎಷ್ಟು ತಿಂಗಳ ಬಾಡಿಗೆ ತೀರಿಸಬೇಕು ಎಂದು ಭಾಗಿಸಿ ನೋಡಲಿ.

ಇದೇ ಹಂತದಲ್ಲಿ ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ಬೆಲೆಯನ್ನೂ (ಆ ಜಾಗಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ) ತೆಗೆಸಿ ನೋಡಿ. ಮನೆ ಅಗ್ಗಕ್ಕೆ ಸಿಕ್ಕಿತು ಎಂದು ಸಂತೋಷಪಡುವ ಜಾಗದಲ್ಲೇ ಒಂದು ಕುಳಿ ಇದೆ. 75 ಲಕ್ಷಕ್ಕೆ ಕೊಂಡ ಮನೆಯ ಮಾರ್ಗಸೂಚಿ ಬೆಲೆ 85 ಲಕ್ಷ ಎಂದುಕೊಳ್ಳಿ. ಕೊಟ್ಟ ಬೆಲೆಯ ಶೇ 10ರವರೆಗಿನ ವ್ಯತ್ಯಾಸಕ್ಕೆ ವಿನಾಯಿತಿ ಇದೆ, ಇಲ್ಲಿ ಅದು 7.5 ಲಕ್ಷ. ವ್ಯತ್ಯಾಸ 10 ಲಕ್ಷ ಇರುವುದರಿಂದ ವಿನಾಯಿತಿ ಪೂರ್ತಿ ತಪ್ಪಿ, ಆ 10 ಲಕ್ಷವೂ ಕೊಂಡವರ 'ಇತರ ಮೂಲಗಳ ಆದಾಯ' ಆಗುತ್ತದೆ. ಶೇ 30ರ ಹಂತದಲ್ಲಿರುವವರಿಗೆ ಸೆಸ್ ಸೇರಿ 3.12 ಲಕ್ಷ ತೆರಿಗೆ. ಮುಂದೆ ಮಾರುವಾಗ ಕೊಂಡ ಬೆಲೆಯನ್ನು 85 ಲಕ್ಷ ಎಂದೇ ತೋರಿಸಬಹುದು ಎಂಬುದಷ್ಟೇ ಸಮಾಧಾನ, ಆದರೆ ದುಡ್ಡು ಈಗಲೇ ಹೋಗಿರುತ್ತದೆ.

ಬೆಲೆ ಅಥವಾ ಮಾರ್ಗಸೂಚಿ ಮೌಲ್ಯ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿದು, ಹಿಡಿದ ತಿಂಗಳು ಮುಗಿದು 30 ದಿನದೊಳಗೆ ಕಟ್ಟುವುದು ಕೊಳ್ಳುವವರ ಹೊಣೆ. ಗಂಡ ಹೆಂಡತಿ ಸೇರಿ ಕೊಂಡರೆ ಇಬ್ಬರ ಪಾಲೂ ಕೂಡಿಸಿಯೇ 50 ಲಕ್ಷದ ಲೆಕ್ಕ. ಮಾರುವವರು ಅನಿವಾಸಿಯಾದರೆ ಈ ಶೇ 1ರ ನಿಯಮ ಅನ್ವಯಿಸುವುದೇ ಇಲ್ಲ, ಹಿಡಿಯಬೇಕಾದ ದರ ಬಹಳ ಹೆಚ್ಚು. ಅದನ್ನು ಆಡಿಟರ್ ಹತ್ತಿರ ಕೇಳದೆ ಹಣ ವರ್ಗಾಯಿಸಬೇಡಿ, ಏಕೆಂದರೆ ಹಿಡಿಯದೆ ಬಿಟ್ಟದ್ದನ್ನು ಇಲಾಖೆ ನಿಮ್ಮಿಂದಲೇ ವಸೂಲು ಮಾಡುತ್ತದೆ.

ಇನ್ನು 'ಸ್ವಲ್ಪ ಬ್ಲ್ಯಾಕಲ್ಲಿ ಕೊಡಿ' ಎಂಬ ಬೇಡಿಕೆ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದಾಗಿ ಪಡೆದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಡುವವರ ನಷ್ಟ ಬೇರೆ ಥರದ್ದು: ಕಾಗದದಲ್ಲಿ ಕಾಣದ ಹಣ ನಿಮ್ಮ ಖರೀದಿ ಬೆಲೆಗೆ ಸೇರುವುದಿಲ್ಲ, ನಾಳೆ ಮಾರುವಾಗ ಅದೆಲ್ಲ ಲಾಭವಾಗಿ ಕಾಣುತ್ತದೆ.

ಹೆಜ್ಜೆ 2: ತೆರಿಗೆ ಬೀಳುವ ಬಾಡಿಗೆ ಎಷ್ಟು?

ಮನೆ ಬಾಡಿಗೆಗೆ 'ಮನೆ ಆಸ್ತಿಯ ಆದಾಯ' ಎಂಬ ಪ್ರತ್ಯೇಕ ಶೀರ್ಷಿಕೆ ಇದೆ. ವಾಸದ ಮನೆಯ ಬಾಡಿಗೆಯನ್ನು ವ್ಯಾಪಾರದ ಆದಾಯವೆಂದು ತೋರಿಸಿ ಖರ್ಚು ಕಳೆಯುವ ದಾರಿಯನ್ನು 2024-25ರಿಂದ ಮುಚ್ಚಲಾಗಿದೆ. ಲೆಕ್ಕ ಹೀಗೆ. ತಿಂಗಳಿಗೆ 22,000 ಬಾಡಿಗೆ, 9,000 ಮನೆ ಕಂದಾಯ ಎಂದು ಇಟ್ಟುಕೊಳ್ಳೋಣ.

ವರ್ಷದ ಬಾಡಿಗೆ: 2,64,000
ಕಳೆಯಿರಿ, ಕಟ್ಟಿದ ಕಂದಾಯ: 9,000
ಉಳಿದದ್ದು: 2,55,000
ಕಳೆಯಿರಿ, ಅದರ ಶೇ 30: 76,500
ಸಾಲದ ಬಡ್ಡಿಗೆ ಮುಂಚಿನ ಆದಾಯ: 1,78,500

ಆ ಶೇ 30ರ ಕಡಿತಕ್ಕೆ ಬಿಲ್ಲು ಬೇಡ. ಒಂದು ರೂಪಾಯಿ ಖರ್ಚು ಮಾಡದಿದ್ದರೂ ಸಿಗುತ್ತದೆ. ಹಾಗೆಯೇ ಅದಕ್ಕಿಂತ ಹೆಚ್ಚು ಖರ್ಚಾದರೂ ಒಂದು ರೂಪಾಯಿ ಜಾಸ್ತಿ ಸಿಗುವುದಿಲ್ಲ. ಬಣ್ಣ, ಪಂಪು ರಿಪೇರಿ, ಬ್ರೋಕರ್ ಕಮಿಷನ್, ವಿಮೆ ಎಲ್ಲವೂ ಅದರೊಳಗೇ. ಹಾಗಾಗಿ ತೆರಿಗೆಯ ದೃಷ್ಟಿಯಿಂದ ಹೊಸದಾದ, ರಿಪೇರಿ ಕಡಿಮೆ ಇರುವ ಮನೆಗೆ ಲಾಭ ಹೆಚ್ಚು. ಇಪ್ಪತ್ತೈದು ವರ್ಷದ ಹಳೆಯ ಮನೆ ಕೊಂಡು ವರ್ಷವೂ ಸೋರುವ ತಾರಸಿಗೆ ಹಣ ಸುರಿಯುವವರಿಗೆ ನಷ್ಟ. ಕಟ್ಟಡದ ಸವಕಳಿಯನ್ನೂ (ಹಳತಾದಂತೆ ಕುಗ್ಗುವ ಬೆಲೆಯನ್ನು) ಇಲ್ಲಿ ಕಳೆಯುವಂತಿಲ್ಲ. ಅಮೆರಿಕದ ಬಾಡಿಗೆ ಮನೆ ಹೂಡಿಕೆಯ ವಿಡಿಯೋಗಳಲ್ಲಿ ಸವಕಳಿಯೇ ದೊಡ್ಡ ಅಸ್ತ್ರ. ಅವುಗಳನ್ನು ನೋಡಿ ಲೆಕ್ಕ ಹಾಕಿದವರು ಇಲ್ಲಿ ರಿಟರ್ನ್ ಸಲ್ಲಿಸುವಾಗ ಎಡವುತ್ತಾರೆ.

ಕಂದಾಯದ ವಿಷಯದಲ್ಲಿ ಮೂರು ಮಾತು. ಕಟ್ಟಿದ ವರ್ಷದಲ್ಲಿ ಮಾತ್ರ ಕಳೆಯಬಹುದು. ಬಾಕಿ ಉಳಿಸಿಕೊಂಡರೆ ಆ ವರ್ಷ ಕಡಿತವಿಲ್ಲ. ಮಾಲೀಕರೇ ಕಟ್ಟಿರಬೇಕು, ಬಾಡಿಗೆದಾರರು ಕಟ್ಟಿದ್ದಕ್ಕೆ ಕಡಿತ ಸಿಗದು. ಮೂರನೆಯದು ಬೆಂಗಳೂರಿನವರಿಗೆ: ವಿಸ್ತೀರ್ಣ ನೋಡಿ ಕಂದಾಯ ಹಾಕುವ ಅಲ್ಲಿನ ಯುನಿಟ್ ಏರಿಯಾ ಪದ್ಧತಿಯಲ್ಲಿ ಬಾಡಿಗೆ ಮನೆಯ ದರ ಸ್ವಂತ ವಾಸದ ಮನೆಯ ದರದ ದುಪ್ಪಟ್ಟು. ಬಾಡಿಗೆಗೆ ಕೊಟ್ಟ ಮೇಲೂ 'ಸ್ವಂತ ವಾಸ' ಎಂದೇ ಕಂದಾಯ ಕಟ್ಟುತ್ತಾ ಹೋದರೆ, ಆದಾಯ ತೆರಿಗೆ ರಿಟರ್ನಿನಲ್ಲಿ ಬಾಡಿಗೆ, ಪಾಲಿಕೆಯ ರಸೀದಿಯಲ್ಲಿ ಸ್ವಂತ ವಾಸ, ಹೀಗೆ ಎರಡು ಕಾಗದ ಎರಡು ಮಾತು ಹೇಳುತ್ತವೆ.

ಈಗ ಸಾಲವೇ ಇಲ್ಲದೆ ಕೊಂಡವರ ಲಾಭ ನೋಡಿ. ಶೇ 20ರ ಹಂತದಲ್ಲಿರುವವರಿಗೆ 1,78,500ರ ಮೇಲೆ ಸೆಸ್ ಸೇರಿ 37,128 ತೆರಿಗೆ. ಬಾಡಿಗೆಯಲ್ಲಿ ಕಂದಾಯ, ಈ ತೆರಿಗೆ, ರಿಪೇರಿಗೆಂದು 20,000 ಕಳೆದರೆ ಕೈಯಲ್ಲಿ ಉಳಿಯುವುದು 1,97,872. ಹೂಡಿದ್ದು ಮೊದಲ ಹೆಜ್ಜೆಯ 80 ಲಕ್ಷ ಮತ್ತು ಶುಲ್ಕದ 6.08 ಲಕ್ಷ, ಒಟ್ಟು 86.08 ಲಕ್ಷ. ಅಂದರೆ ವರ್ಷಕ್ಕೆ ಶೇ 2.3. ಶೇ 7 ಬಡ್ಡಿಯ ಠೇವಣಿಯಲ್ಲಿ ಅದೇ ಹಂತದವರಿಗೆ ತೆರಿಗೆ ಕಳೆದು ಶೇ 5.5 ಸಿಗುತ್ತದೆ. ಮಧ್ಯದ ಶೇ 3ಕ್ಕೂ ಮಿಕ್ಕಿದ ಅಂತರವನ್ನು ಮನೆಯ ಬೆಲೆ ಏರಿಕೆಯೇ ತುಂಬಬೇಕು, ಅದೂ ಮಾರಾಟದ ತೆರಿಗೆ ಕಳೆದ ಮೇಲೆ. ಆ ಬಡಾವಣೆಯಲ್ಲಿ ಬೆಲೆ ಹಾಗೆ ಏರುತ್ತದೆ ಎಂಬ ನಂಬಿಕೆ ನಿಮಗಿದೆಯೇ? ಖರೀದಿಯ ನಿರ್ಧಾರ ನಿಲ್ಲುವುದು ಈ ಪ್ರಶ್ನೆಯ ಮೇಲೆ.

ಹೆಜ್ಜೆ 3: ಸಾಲ ಎಷ್ಟಿರಬೇಕು ಎಂಬುದನ್ನು ತೆರಿಗೆಯಿಂದ ಅಳೆಯಿರಿ

ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನು ಹಳೆ, ಹೊಸ ಎರಡೂ ಪದ್ಧತಿಯಲ್ಲಿ ಬಾಡಿಗೆ ಆದಾಯದಿಂದ ಪೂರ್ತಿ ಕಳೆಯಬಹುದು. ಎರಡಕ್ಕೂ ವ್ಯತ್ಯಾಸ ಬರುವುದು ಬಡ್ಡಿ ಬಾಡಿಗೆಯನ್ನು ಮೀರಿದಾಗ.

ಹಳೆ ಪದ್ಧತಿಯಲ್ಲಿ, ಮೀರಿದ ನಷ್ಟದಲ್ಲಿ 2 ಲಕ್ಷದವರೆಗೆ ಸಂಬಳ ಮುಂತಾದ ಆದಾಯದಿಂದ ಕಳೆಯಬಹುದು. ಉಳಿದದ್ದು ಎಂಟು ವರ್ಷ ಮುಂದಕ್ಕೆ ಹೋಗುತ್ತದೆ, ಆದರೆ ಆಗ ಮನೆ ಆಸ್ತಿಯ ಆದಾಯದ ಎದುರು ಮಾತ್ರ. ಹೊಸ ಪದ್ಧತಿಯಲ್ಲಿ ನಷ್ಟದ ಒಂದು ರೂಪಾಯಿಯೂ ಸಂಬಳವನ್ನು ಮುಟ್ಟುವುದಿಲ್ಲ. ಇನ್ನೊಂದು ಬಾಡಿಗೆ ಮನೆಯಿಂದ ಲಾಭವಿದ್ದರೆ ಅದರೊಂದಿಗೆ ಮಾತ್ರ ಹೊಂದಿಸಬಹುದು.

ಮೇಲಿನ ಮನೆಗೇ 20 ವರ್ಷದ, ಶೇ 8.5 ಬಡ್ಡಿಯ 50 ಲಕ್ಷ ಸಾಲ ತೆಗೆದರೆ ಕಂತು ಸುಮಾರು 43,400. ಮೊದಲ ವರ್ಷ ಬಡ್ಡಿಯೇ ಸುಮಾರು 4.21 ಲಕ್ಷ, ಅಸಲು ತೀರುವುದು 1 ಲಕ್ಷ. 1,78,500ರಲ್ಲಿ 4,21,000 ಕಳೆದರೆ 2,42,500 ನಷ್ಟ. ಹಳೆ ಪದ್ಧತಿಯಲ್ಲಿ ಶೇ 30ರ ಹಂತದವರಿಗೆ ಇದರಲ್ಲಿ 2 ಲಕ್ಷದಿಂದ 62,400 ತೆರಿಗೆ ಉಳಿಯುತ್ತದೆ.

'ಹಾಗಾದರೆ ಹಳೆ ಪದ್ಧತಿಯೇ ಇರಲಿ' ಎಂದು ತಕ್ಷಣ ತೀರ್ಮಾನಿಸಬೇಡಿ. ಪದ್ಧತಿ ಆರಿಸಿದರೆ ಇಡೀ ಆದಾಯಕ್ಕೆ ಅದೇ ಅನ್ವಯ. 20 ಲಕ್ಷ ಸಂಬಳದವರನ್ನು ತೆಗೆದುಕೊಳ್ಳಿ. ಹೊಸ ಪದ್ಧತಿಯಲ್ಲಿ 75,000 ಪ್ರಮಾಣಿತ ಕಡಿತದ ನಂತರ 19.25 ಲಕ್ಷದ ಮೇಲೆ ಸೆಸ್ ಸೇರಿ 1,92,400 ತೆರಿಗೆ. ಹಳೆ ಪದ್ಧತಿಯಲ್ಲಿ 50,000 ಪ್ರಮಾಣಿತ ಕಡಿತ, ಪಿಎಫ್, ಜೀವವಿಮೆಯಂಥ ಉಳಿತಾಯಕ್ಕೆ ಸೆಕ್ಷನ್ 80ಸಿ ಅಡಿ 1.5 ಲಕ್ಷ, ಆರೋಗ್ಯ ವಿಮೆ 25,000, ಮನೆ ನಷ್ಟ 2 ಲಕ್ಷ ಎಲ್ಲ ಕಳೆದರೂ 15.75 ಲಕ್ಷ ಉಳಿದು 2,96,400 ತೆರಿಗೆ ಬೀಳುತ್ತದೆ. ಬಾಡಿಗೆ ಮನೆಯ 2 ಲಕ್ಷ ನಷ್ಟ ತೋರಿಸಿದ ಮೇಲೂ ಹೊಸ ಪದ್ಧತಿಯೇ 1.04 ಲಕ್ಷ ಅಗ್ಗ! ಇದೇ ವ್ಯಕ್ತಿ ತಾವು ಬೇರೆ ಕಡೆ ಬಾಡಿಗೆಗಿದ್ದು 3.6 ಲಕ್ಷ ಮನೆ ಬಾಡಿಗೆ ಭತ್ಯೆಯ, ಅಂದರೆ ಎಚ್‌ಆರ್‌ಎ ವಿನಾಯಿತಿ ಪಡೆಯುವಂತಿದ್ದರೆ ಹಳೆ ಪದ್ಧತಿಯ ತೆರಿಗೆ 1,84,080ಕ್ಕೆ ಇಳಿದು, 8,320 ರೂಪಾಯಿಯ ಉಳಿತಾಯ. ಅಷ್ಟೇ. ಈ ಎರಡು ಮೊತ್ತಗಳನ್ನು ನಿಮ್ಮ ಅಂಕಿಗಳೊಂದಿಗೆ ಅಕ್ಕಪಕ್ಕ ಬರೆದು ನೋಡದೆ 'ಟ್ಯಾಕ್ಸ್ ಉಳಿಯುತ್ತೆ' ಎಂಬ ಕಾರಣಕ್ಕೆ ಸಾಲ ಮಾಡಬೇಡಿ.

ಇನ್ನೊಂದು ಎಚ್ಚರಿಕೆ. ಸಂಬಳದಾರರು ವರ್ಷವರ್ಷವೂ ಪದ್ಧತಿ ಬದಲಿಸಬಹುದು, ಆದರೆ ಹಳೆ ಪದ್ಧತಿ ಬೇಕಾದರೆ ಗಡುವಿನೊಳಗೆ ರಿಟರ್ನ್ ಸಲ್ಲಿಸಲೇಬೇಕು. ತಡವಾದರೆ ಹೊಸ ಪದ್ಧತಿಗೆ ಬೀಳುತ್ತೀರಿ, ಆ ವರ್ಷದ 2 ಲಕ್ಷದ ಹೊಂದಾಣಿಕೆ ಹೋಯಿತು. ವ್ಯಾಪಾರದ ಆದಾಯ ಇರುವವರಿಗೆ ಹಾಗೆ ಹಿಂದೆ ಮುಂದೆ ಓಡಾಡುವ ಅವಕಾಶವೂ ಇಲ್ಲ.

ಇಲ್ಲಿಂದ ಬರುವ ಒಂದು ಸುಲಭ ಸೂತ್ರ ಬ್ಯಾಂಕಿನವರು ಹೇಳುವುದಿಲ್ಲ. ಹೊಸ ಪದ್ಧತಿಯಲ್ಲಿ ತೆರಿಗೆಗೆ ಉಪಯೋಗ ಬರುವ ಬಡ್ಡಿ 1,78,500 ಮಾತ್ರ. ಶೇ 8.5ರಿಂದ ಭಾಗಿಸಿದರೆ 21 ಲಕ್ಷ. ಅಂದರೆ ಈ ಮನೆಗೆ 21 ಲಕ್ಷದವರೆಗಿನ ಸಾಲದ ಬಡ್ಡಿ ಬಾಡಿಗೆಯ ತೆರಿಗೆಯನ್ನು ಅಳಿಸುತ್ತದೆ. ಶೇ 20ರ ಹಂತದವರಿಗೆ ಆ ಸಾಲದ ನಿಜ ಬೆಲೆ ಶೇ 6.7. ಅದರಾಚೆಗಿನ 29 ಲಕ್ಷಕ್ಕೆ ತೆರಿಗೆಯಿಂದ ಏನೂ ಬಾರದು, ಪೂರ್ತಿ ಶೇ 8.5 ನಿಮ್ಮ ಜೇಬಿನಿಂದ. ಹಳೆ ಪದ್ಧತಿಯವರಿಗೆ ಈ ಗೆರೆ 44.5 ಲಕ್ಷದ ಹತ್ತಿರ ಬರುತ್ತದೆ, 1,78,500ಕ್ಕೆ ಆ 2 ಲಕ್ಷ ಸೇರಿಸಿ ಭಾಗಿಸಿದರೆ. ಬೋನಸ್ ಬಂದಾಗ ಸಾಲಕ್ಕೆ ಕಟ್ಟಬೇಕೋ ಬೇಡವೋ ಎಂಬ ಗೊಂದಲಕ್ಕೂ ಇದೇ ಉತ್ತರ: ಗೆರೆ ಮುಟ್ಟುವವರೆಗೆ ಕಟ್ಟಿ, ಆಮೇಲೆ ಬೇರೆ ಹೂಡಿಕೆಯ ಲಾಭದೊಂದಿಗೆ ಹೋಲಿಸಿ. ಸಾಲ ತೀರಿದ ಹಳೆಯ ಬಾಡಿಗೆ ಮನೆಯೊಂದು ಈಗಾಗಲೇ ಇದ್ದರೆ ಗೆರೆ ಮೇಲೇರುತ್ತದೆ, ಏಕೆಂದರೆ ಹೊಸ ಮನೆಯ ಬಡ್ಡಿ ಅದರ ಬಾಡಿಗೆಯನ್ನೂ ತಿನ್ನಬಲ್ಲದು.

ಕಟ್ಟುತ್ತಿರುವ ಮನೆಗೆ ಸಾಲ ತೆಗೆದಿದ್ದರೆ, ಮನೆ ಮುಗಿಯುವ ಹಣಕಾಸು ವರ್ಷಕ್ಕೆ ಹಿಂದಿನ ಮಾರ್ಚ್ 31ರವರೆಗಿನ ಬಡ್ಡಿ ಆಗಲೇ ಕಳೆಯುವಂತಿಲ್ಲ. ಅದನ್ನು ಕೂಡಿಸಿಟ್ಟು, ಮುಗಿದ ವರ್ಷದಿಂದ ಐದು ಸಮ ಭಾಗ ಮಾಡಿ ಕಳೆಯಬೇಕು. ಆದರೆ ಚಾಲ್ತಿ ವರ್ಷದ ಬಡ್ಡಿಯೇ ಬಾಡಿಗೆಯನ್ನು ಮೀರಿರುವಾಗ ಈ ಐದನೇ ಒಂದು ಭಾಗ ಹೊಸ ಪದ್ಧತಿಯವರಿಗೆ ಕಾಗದದ ಮೇಲಿನ ಅಂಕಿ ಮಾತ್ರ. ಅಸಲಿನ ಮೇಲಿನ 80ಸಿ ಕಡಿತವೂ ಹಳೆ ಪದ್ಧತಿಯಲ್ಲಷ್ಟೇ, ಮತ್ತು ಸ್ವಾಧೀನ ಪಡೆದ ವರ್ಷ ಮುಗಿದು ಐದು ವರ್ಷದೊಳಗೆ ಮಾರಿದರೆ ಹಿಂದೆ ಪಡೆದ ಕಡಿತವೆಲ್ಲ ಮಾರಿದ ವರ್ಷದ ಆದಾಯಕ್ಕೆ ಸೇರುತ್ತದೆ.

ಹೆಜ್ಜೆ 4: ಯಾರ ಹೆಸರಿಗೆ?

ನೋಂದಣಿಯ ನಂತರ ಬದಲಿಸಲು ಹೋದರೆ ಮತ್ತೆ ಶುಲ್ಕ. ಆದ್ದರಿಂದ ಇದನ್ನು ಮೊದಲೇ ಯೋಚಿಸಿ.

ಗಂಡ ದುಡ್ಡು ಕೊಟ್ಟು ಹೆಂಡತಿಯ ಹೆಸರಿಗೆ ಮನೆ ಮಾಡಿದರೆ ಬಾಡಿಗೆಗೆ ತೆರಿಗೆ ಬೀಳುವುದು ಗಂಡನಿಗೇ. ಕಾಗದದಲ್ಲಿ ಯಾರ ಹೆಸರಿದ್ದರೂ ಹಣದ ಮೂಲ ನೋಡುತ್ತಾರೆ. ಹೆಂಡತಿಯ ಸ್ವಂತ ಸಂಪಾದನೆ, ತವರಿನಿಂದ ಬಂದ ಹಣ ಅಥವಾ ಅವರೇ ಕಂತು ಕಟ್ಟುವ ಸಾಲ ಇದ್ದರೆ ಆ ಪಾಲು ನಿಜವಾಗಿಯೂ ಅವರದ್ದು. ಹಾಗಿರುವಾಗ ಕ್ರಯಪತ್ರದಲ್ಲಿ ಪಾಲು ಎಷ್ಟೆಷ್ಟು ಎಂದು ಸ್ಪಷ್ಟವಾಗಿ ಬರೆಸಿ. ಜಂಟಿ ಮಾಲೀಕರು ತಮ್ಮ ತಮ್ಮ ಪಾಲಿನ ಬಾಡಿಗೆ ತೋರಿಸುತ್ತಾರೆ, ಹಳೆ ಪದ್ಧತಿಯ 2 ಲಕ್ಷದ ಮಿತಿಯೂ ತಲಾ ಒಬ್ಬರಿಗೆ. ಬಡ್ಡಿಯ ಕಡಿತಕ್ಕೆ ಮಾಲೀಕತ್ವ, ಸಾಲ ಎರಡರಲ್ಲೂ ಹೆಸರಿರಬೇಕು. ಸಾಲದಲ್ಲಿ ಮಾತ್ರ ಹೆಸರಿದ್ದು ಕ್ರಯಪತ್ರದಲ್ಲಿ ಇಲ್ಲದವರು ಕಂತು ಕಟ್ಟಿದರೂ ಕಡಿತ ಕೇಳುವಂತಿಲ್ಲ.

ತಂದೆ ತಾಯಿಗೆ ಹಣ ಉಡುಗೊರೆ ಕೊಟ್ಟು ಅವರು ಮನೆ ಕೊಂಡರೆ ಬಾಡಿಗೆ ಅವರದೇ ಆದಾಯ, ನಿಮ್ಮದಕ್ಕೆ ಸೇರುವುದಿಲ್ಲ. ಹೊಸ ಪದ್ಧತಿಯಲ್ಲಿ ಅವರ ಒಟ್ಟು ಆದಾಯ 12 ಲಕ್ಷದೊಳಗಿದ್ದರೆ ರಿಯಾಯಿತಿಯಿಂದ ತೆರಿಗೆಯೇ ಇಲ್ಲ. ಕಾನೂನಿಗೆ ಪೂರ್ತಿ ಒಪ್ಪುವ ದಾರಿ ಇದು. ಆದರೆ ಮನೆ ನಿಜಕ್ಕೂ ಅವರದಾಗುತ್ತದೆ: ಉಯಿಲು ಇಲ್ಲದಿದ್ದರೆ ಅಣ್ಣ ತಮ್ಮ, ಅಕ್ಕ ತಂಗಿಯರಿಗೆಲ್ಲ ಅದರಲ್ಲಿ ಹಕ್ಕು ಬರುತ್ತದೆ. ತೆರಿಗೆ ಉಳಿಸಲು ಹೋಗಿ ಮನೆಯಲ್ಲಿ ಮನಸ್ತಾಪಕ್ಕೆ ದಾರಿಯಾಗದಂತೆ ಎಲ್ಲರೆದುರು ಮಾತಾಡಿ ಮುಂದುವರಿಯಿರಿ.

ಹೆಜ್ಜೆ 5: ಕರಾರುಪತ್ರ ಬರೆಯುವಾಗ

ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕವನ್ನು ಬಾಡಿಗೆಯೊಳಗೆ ಸೇರಿಸಿ ಬರೆಯಬೇಡಿ. 25,000 ಬಾಡಿಗೆ ಎಂದು ಬರೆದು ಅದರಲ್ಲಿ 3,000 ಸಂಘಕ್ಕೆ ಕಟ್ಟುತ್ತಿದ್ದರೆ 25,000ವೂ ಬಾಡಿಗೆಯಾಗಿ ಕಾಣುತ್ತದೆ, ಆ 3,000ಕ್ಕೆ ಪ್ರತ್ಯೇಕ ಕಡಿತ ಕೇಳಿದರೆ ತಕರಾರು ಬರುತ್ತದೆ. ಬಾಡಿಗೆ 22,000, ನಿರ್ವಹಣಾ ಶುಲ್ಕ ಬಾಡಿಗೆದಾರರು ನೇರವಾಗಿ ಸಂಘಕ್ಕೆ ಕಟ್ಟತಕ್ಕದ್ದು ಎಂದು ಒಂದು ಸಾಲು ಬರೆಸಿದರೆ ಮುಗಿಯಿತು.

ವಾಪಸು ಕೊಡಬೇಕಾದ ಅಡ್ವಾನ್ಸ್ ಆದಾಯವಲ್ಲ. ಅದನ್ನು ಬ್ಯಾಂಕಿನಲ್ಲಿಟ್ಟು ಬಂದ ಬಡ್ಡಿಗೆ ತೆರಿಗೆ ಇದೆ. 20,000 ಮತ್ತು ಮೇಲ್ಪಟ್ಟ ಅಡ್ವಾನ್ಸನ್ನು ನಗದಾಗಿ ಪಡೆಯಬೇಡಿ, ಹಿಂದಿರುಗಿಸುವಾಗಲೂ ಬ್ಯಾಂಕಿನ ಮೂಲಕವೇ ಕೊಡಿ.

ಭೋಗ್ಯಕ್ಕೆ ಕೊಡುವವರು ವಿಶೇಷವಾಗಿ ಗಮನಿಸಬೇಕು. ದೊಡ್ಡ ಮೊತ್ತವೊಂದನ್ನು ಪಡೆದು, ಬಾಡಿಗೆ ಇಲ್ಲದೆ ಎರಡು ಮೂರು ವರ್ಷಕ್ಕೆ ಮನೆ ಬಿಟ್ಟುಕೊಡುವ ಪದ್ಧತಿಯಲ್ಲಿ 'ಬಾಡಿಗೆಯೇ ಇಲ್ಲ, ತೆರಿಗೆ ಎಲ್ಲಿಂದ' ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ಕಾನೂನು ನೋಡುವುದು ಆ ಮನೆಗೆ ನ್ಯಾಯವಾಗಿ ಎಷ್ಟು ಬಾಡಿಗೆ ಬರಬಹುದಿತ್ತು ಎಂಬುದನ್ನು. ಅಕ್ಕಪಕ್ಕದ ಅಂಥದ್ದೇ ಮನೆಗೆ 18,000 ಇದ್ದರೆ ಅಷ್ಟನ್ನು ಆದಾಯವಾಗಿ ತೋರಿಸಬೇಕು. ಭೋಗ್ಯದ ಹಣದಿಂದ ಬಡ್ಡಿ ಬಂದರೆ ಅದಕ್ಕೂ ತೆರಿಗೆ. ಹಾಗಾಗಿ ತೆರಿಗೆ ಸರಿಯಾಗಿ ಕಟ್ಟುವವರಿಗೆ ಭೋಗ್ಯ ಸಾಮಾನ್ಯವಾಗಿ ಲಾಭದ್ದಲ್ಲ. ದುಬಾರಿ ಸಾಲ ತೀರಿಸಲು ಆ ಹಣ ಬೇಕಾಗಿದ್ದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ.

ತಿಂಗಳ ಬಾಡಿಗೆ 50,000 ಮೀರಿದರೆ ಸಾಮಾನ್ಯ ಬಾಡಿಗೆದಾರರೂ ಶೇ 2 ಟಿಡಿಎಸ್ ಹಿಡಿಯಬೇಕು, ವರ್ಷಕ್ಕೊಮ್ಮೆ, ಮಾರ್ಚ್‌ನಲ್ಲಿ ಅಥವಾ ಮನೆ ಬಿಡುವ ತಿಂಗಳಲ್ಲಿ. 60,000 ಬಾಡಿಗೆಗೆ ಅದು 14,400. ಬಾಡಿಗೆದಾರ ಕಂಪನಿಯಾದರೆ ಶೇ 10. ಮಾಲೀಕರು ಅನಿವಾಸಿಯಾದರೆ ಈ 50,000ದ ಮಿತಿ ಅನ್ವಯಿಸುವುದಿಲ್ಲ: ಬಾಡಿಗೆ ಎಷ್ಟೇ ಇದ್ದರೂ ಬಾಡಿಗೆದಾರರು ಶೇ 30 ಮತ್ತು ಸೆಸ್ ಹಿಡಿದು ಕಟ್ಟಬೇಕು. ವಿದೇಶದಲ್ಲಿದ್ದು ಇಲ್ಲಿ ಬಾಡಿಗೆಗೆಂದು ಕೊಳ್ಳುವವರು ಇದನ್ನು ಬಾಡಿಗೆದಾರರಿಗೆ ಮೊದಲೇ ತಿಳಿಸಿ, ಕಡಿಮೆ ದರದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಕೊಳ್ಳಲಿ. ಇಲ್ಲವಾದರೆ ವರ್ಷವೂ ರೀಫಂಡಿಗಾಗಿ ಕಾಯಬೇಕು.

ಅಂಗಡಿ, ಕಚೇರಿ ಜಾಗಕ್ಕೂ ಶೇ 30ರ ಕಡಿತ, ಬಡ್ಡಿಯ ನಿಯಮ ಇವೇ. ಜತೆಗೆ ಶೇ 18 ಜಿಎಸ್‌ಟಿಯ ಪ್ರಶ್ನೆ ಬರುತ್ತದೆ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು, ಮತ್ತು ಆ 20 ಲಕ್ಷವನ್ನು ಎಣಿಸುವಾಗ ವಾಸದ ಮನೆಗಳಿಂದ ಬರುವ ಬಾಡಿಗೆಯೂ ಕೂಡುತ್ತದೆ.

ಹೆಜ್ಜೆ 6: ಖಾಲಿ ತಿಂಗಳು, ಬಾರದ ಬಾಡಿಗೆ, ಮೂರನೇ ಮನೆ

ವರ್ಷದ ಮಧ್ಯೆ ಮೂರು ತಿಂಗಳು ಮನೆ ಖಾಲಿ ಬಿದ್ದಿದ್ದರೆ ಬಂದ ಒಂಬತ್ತು ತಿಂಗಳ ಬಾಡಿಗೆಗಷ್ಟೇ ತೆರಿಗೆ. ಖಾಲಿ ಇದ್ದದ್ದಕ್ಕೆ ಜಾಹೀರಾತು, ಬ್ರೋಕರ್ ಜೊತೆಗಿನ ಸಂದೇಶ, ಕಡಿಮೆ ವಿದ್ಯುತ್ ಬಿಲ್ಲು, ಏನಾದರೂ ದಾಖಲೆ ಇಟ್ಟುಕೊಳ್ಳಿ. ಬಾಡಿಗೆದಾರರು ಕೊಡದೆ ಓಡಿಹೋದರೆ ಆ ಮೊತ್ತ ಬಿಡಬಹುದು, ಆದರೆ ಅವರು ಮನೆ ಬಿಟ್ಟಿರಬೇಕು ಅಥವಾ ಬಿಡಿಸಲು ಕ್ರಮ ಕೈಗೊಂಡಿರಬೇಕು, ನಿಮ್ಮದೇ ಇನ್ನೊಂದು ಮನೆಯಲ್ಲಿ ಇರಬಾರದು, ವಸೂಲಿಗೆ ಕಾನೂನು ಕ್ರಮ ಕೈಗೊಂಡಿರಬೇಕು ಅಥವಾ ಕೈಗೊಂಡರೂ ಪ್ರಯೋಜನವಿಲ್ಲ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಮುಂದೆ ಎಂದಾದರೂ ಆ ಬಾಕಿ ಬಂದರೆ ಬಂದ ವರ್ಷದಲ್ಲಿ ಶೇ 30 ಕಳೆದು ತೆರಿಗೆ.

ಎರಡು ಮನೆಗಳನ್ನು ಸ್ವಂತ ವಾಸದ್ದೆಂದು ತೋರಿಸಿ ಶೂನ್ಯ ಆದಾಯ ಬರೆಯಬಹುದು. ಮೂರನೆಯದನ್ನು ಬೀಗ ಹಾಕಿಟ್ಟರೂ ಬಾಡಿಗೆಗೆ ಕೊಟ್ಟಂತೆಯೇ ಲೆಕ್ಕ. 'ಬೆಲೆ ಏರಲಿ, ಬಾಡಿಗೆಯವರ ರಗಳೆ ಬೇಡ' ಎಂದು ಮೂರನೇ ಮನೆ ಖಾಲಿ ಇಡುವವರು ಬಾರದ ಬಾಡಿಗೆಗೆ ತೆರಿಗೆ ಕಟ್ಟುತ್ತಾರೆ.

ಹೆಜ್ಜೆ 7: ಕೊಳ್ಳುವಾಗಲೇ ಮಾರಾಟವನ್ನು ಯೋಚಿಸಿ

24 ತಿಂಗಳ ಗೆರೆಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅದಕ್ಕೆ ಮೊದಲು ಮಾರಿದರೆ ಲಾಭ ನಿಮ್ಮ ಸಾಮಾನ್ಯ ಆದಾಯಕ್ಕೆ ಸೇರುತ್ತದೆ. 10 ಲಕ್ಷ ಲಾಭಕ್ಕೆ ಶೇ 30ರ ಹಂತದವರು ಸೆಸ್ ಸೇರಿ 3.12 ಲಕ್ಷ ಕಟ್ಟುತ್ತಾರೆ. ದಾಟಿದ ಮೇಲೆ ಶೇ 12.5, ಅಂದರೆ ಸೆಸ್ ಸೇರಿ 1.3 ಲಕ್ಷ.

2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯನ್ನು ಮಾರುವ ನಿವಾಸಿಗಳಿಗೆ ಇನ್ನೊಂದು ಆಯ್ಕೆ ಇದೆ: ಕೊಂಡ ಬೆಲೆಯನ್ನು ಹಣದುಬ್ಬರ ಸೂಚ್ಯಂಕದಷ್ಟು ಏರಿಸಿ, ಉಳಿದ ಲಾಭಕ್ಕೆ ಶೇ 20. ಎರಡರಲ್ಲಿ ಕಡಿಮೆ ಯಾವುದೋ ಅದು. 2015-16ರಲ್ಲಿ 40 ಲಕ್ಷಕ್ಕೆ ಕೊಂಡ ಮನೆಯ ಸೂಚ್ಯಂಕ ಬೆಲೆ 2025-26ಕ್ಕೆ 59.21 ಲಕ್ಷ (ಸೂಚ್ಯಂಕ 254ರಿಂದ 376). ಅದನ್ನು 80 ಲಕ್ಷಕ್ಕೆ ಮಾರಿದರೆ ತೆರಿಗೆ, ಸೆಸ್ ಬಿಟ್ಟು, ಶೇ 12.5ರ ಲೆಕ್ಕದಲ್ಲಿ 5 ಲಕ್ಷ, ಸೂಚ್ಯಂಕದ ಲೆಕ್ಕದಲ್ಲಿ 4.16 ಲಕ್ಷ. ಅದೇ ಮನೆ 1.1 ಕೋಟಿಗೆ ಹೋದರೆ 8.75 ಲಕ್ಷ ಮತ್ತು 10.16 ಲಕ್ಷ, ಆಗ ಶೇ 12.5 ಮೇಲು. ಬೆಲೆ ನಿಧಾನ ಏರಿದ ಮನೆಗೆ ಸೂಚ್ಯಂಕ, ಜೋರಾಗಿ ಏರಿದ ಮನೆಗೆ ಶೇ 12.5. ಈಗ ಕೊಳ್ಳುವವರಿಗೆ ಸೂಚ್ಯಂಕದ ಆಸರೆ ಇಲ್ಲ, ಬೆಲೆ ಹಣದುಬ್ಬರದಷ್ಟೇ ಏರಿದರೂ ಅದು ಲಾಭವೇ.

ಲಾಭವನ್ನು ಇನ್ನೊಂದು ವಾಸದ ಮನೆಗೆ ಹಾಕಿದರೆ ಸೆಕ್ಷನ್ 54 ವಿನಾಯಿತಿ: ಮಾರುವ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು ವರ್ಷದೊಳಗೆ. ಇಲ್ಲವೇ ಆರು ತಿಂಗಳೊಳಗೆ ಸರ್ಕಾರಿ ಸಂಸ್ಥೆಗಳ 54ಇಸಿ ಬಾಂಡುಗಳಲ್ಲಿ 50 ಲಕ್ಷದವರೆಗೆ, ಐದು ವರ್ಷ ಹಣ ಅಲ್ಲೇ. ರಿಟರ್ನಿನ ಗಡುವಿನೊಳಗೆ ಮನೆ ಸಿಗದಿದ್ದರೆ ಹಣವನ್ನು ಇದಕ್ಕೆಂದೇ ಬ್ಯಾಂಕಿನಲ್ಲಿ ತೆರೆಯುವ ಬಂಡವಾಳ ಲಾಭ ಖಾತೆಯಲ್ಲಿಡಬೇಕು. ಉಳಿತಾಯ ಖಾತೆಯಲ್ಲೇ ಬಿಟ್ಟು ವಿನಾಯಿತಿ ಕಳೆದುಕೊಳ್ಳುವವರು ಕಡಿಮೆಯಿಲ್ಲ.

ಹೆಚ್ಚಿನವರ ಗಮನಕ್ಕೆ ಬಾರದ ಒಂದು ಕೊಂಡಿ ಇಲ್ಲಿದೆ. ಸೈಟು, ಚಿನ್ನ ಅಥವಾ ಷೇರು ಮಾರಿ ಮನೆ ಕೊಂಡರೆ ಸಿಗುವುದು 54ಎಫ್ ವಿನಾಯಿತಿ. ಮಾರುವ ದಿನ ನಿಮ್ಮ ಹೆಸರಿನಲ್ಲಿ, ಹೊಸ ಮನೆ ಬಿಟ್ಟು, ಒಂದಕ್ಕಿಂತ ಹೆಚ್ಚು ವಾಸದ ಮನೆ ಇದ್ದರೆ ಅದು ಸಿಗುವುದಿಲ್ಲ. ಈಗಾಗಲೇ ಸ್ವಂತ ಮನೆ ಇದ್ದು, ಹತ್ತು ವರ್ಷದ ಹಿಂದೆ ಕೊಂಡ ಸೈಟೂ ಇದ್ದು, ಅದರ ಮೇಲೆ ಬಾಡಿಗೆಗೆಂದು ಇನ್ನೊಂದು ಫ್ಲ್ಯಾಟ್ ಕೊಂಡರೆ, ಮುಂದೆ ಸೈಟು ಮಾರುವಾಗ ಆ ಬಾಗಿಲು ಮುಚ್ಚಿರುತ್ತದೆ. ಸೈಟು ಮಾರುವ ಯೋಚನೆ ಇದ್ದರೆ ಮೊದಲು ಸೈಟು ಮಾರಿ, ಆ ಹಣದಲ್ಲೇ ಬಾಡಿಗೆ ಫ್ಲ್ಯಾಟ್ ಕೊಳ್ಳಿ. ಬರೀ ಕ್ರಮ ಬದಲಾದುದಕ್ಕೆ ಲಕ್ಷಗಟ್ಟಲೆ ಉಳಿಯುತ್ತದೆ.

ವರ್ಷವರ್ಷದ ಕೆಲಸ

ಟಿಡಿಎಸ್ ಕಳೆದು ವರ್ಷದ ತೆರಿಗೆ 10,000 ಮುಟ್ಟುವಂತಿದ್ದರೆ ಮುಂಗಡ ತೆರಿಗೆ ಕಟ್ಟಬೇಕು: ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ. ಸಂಬಳದಾರರು ಬಾಡಿಗೆ ಆದಾಯವನ್ನು ಕಚೇರಿಗೇ ತಿಳಿಸಿ ಸಂಬಳದಲ್ಲಿ ಹಿಡಿಸಿಕೊಂಡರೆ ಈ ತಲೆನೋವಿಲ್ಲ. ಮುಂದಕ್ಕೆ ಒಯ್ಯುವ ನಷ್ಟವಿದ್ದರೆ ರಿಟರ್ನಿನ ಸರಳ ನಮೂನೆಯಾದ ಐಟಿಆರ್-1 ನಡೆಯದು, ಐಟಿಆರ್-2 ಬೇಕು. ಬಾಡಿಗೆ ಮುಚ್ಚಿಡುವ ಯೋಚನೆಯಂತೂ ಬೇಡವೇ ಬೇಡ: ವರ್ಷಕ್ಕೆ 1 ಲಕ್ಷ ಮೀರಿ ಬಾಡಿಗೆ ಕೊಡುವವರು ಎಚ್‌ಆರ್‌ಎಗಾಗಿ ನಿಮ್ಮ ಪ್ಯಾನ್ ಸಂಖ್ಯೆಯನ್ನು ತಮ್ಮ ಕಚೇರಿಗೆ ಕೊಟ್ಟಿರುತ್ತಾರೆ.

ಮನೆಗೊಂದು ಫೈಲು ಮಾಡಿ. ಕ್ರಯಪತ್ರ, ಮುದ್ರಾಂಕ ಮತ್ತು ನೋಂದಣಿ ರಸೀದಿ, ಬ್ಯಾಂಕಿನ ವಾರ್ಷಿಕ ಬಡ್ಡಿ ಪತ್ರ, ಕಂದಾಯದ ರಸೀದಿ, ಎಲ್ಲ ಕರಾರುಪತ್ರ. ರಿಪೇರಿಗೆ ಕಡಿತವಿಲ್ಲ ನಿಜ, ಆದರೆ ಮಹಡಿ ಏರಿಸಿದ್ದು, ಬೋರ್‌ವೆಲ್ ಕೊರೆಸಿದ್ದು ಇಂಥ ಸುಧಾರಣೆಯ ಖರ್ಚು ಮಾರುವಾಗ ಮನೆಯ ವೆಚ್ಚಕ್ಕೆ ಸೇರುತ್ತದೆ, ಬಿಲ್ಲು ಮತ್ತು ಬ್ಯಾಂಕ್ ಪಾವತಿ ಇದ್ದರೆ. ಬಾಡಿಗೆಯಿಂದ ಒಮ್ಮೆ ಕಳೆದ ಬಡ್ಡಿಯನ್ನು ಮಾತ್ರ ಮತ್ತೆ ಮನೆಯ ವೆಚ್ಚಕ್ಕೆ ಸೇರಿಸುವಂತಿಲ್ಲ. ಅಂಗಡಿಯ ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲುಗಳ ಅಕ್ಷರ ಎರಡು ಮೂರು ವರ್ಷದಲ್ಲಿ ಮಾಸಿ ಬಿಳಿಯಾಗುತ್ತದೆ. ತಂದ ದಿನವೇ ಅವುಗಳ ನಕಲು ತೆಗೆದು, ಮೇಲೆ ದಿನಾಂಕ ಮತ್ತು ಯಾವ ಕೆಲಸಕ್ಕೆಂದು ಪೆನ್ನಿನಲ್ಲಿ ಬರೆದು, ಫೈಲಿಗೆ ಸೇರಿಸಿ.